‘ಗಾಂಧಿ’ ಚಲನಚಿತ್ರದಲ್ಲಿ ಕಾಣಿಸದ ವಜ್ರವ್ಯಾಪಾರಿ

ಕುಟುಂಬ ಸಮೇತರಾಗಿ ಚಲನಚಿತ್ರಕ್ಕೆ ಹೋಗುವುದು ಜೈನ ಮನೆತನಗಳಲ್ಲಿ ಅಷ್ಟು ಸುಲಭವಾಗಿ ತೀರ್ಮಾನವಾಗುವ ಸಂಗತಿಯಲ್ಲ. ಅಜ್ಜಿಗೆ ಸೂರ್ಯಾಸ್ತದ ಚಿಂತೆ. ತಾಯಿಗೆ ವಿರಾಮದಲ್ಲಿ ಮಕ್ಕಳು ಹಟ ಹಿಡಿಯುವ ಆಲೂಗಡ್ಡೆ ಬೋಂಡದ ಚಿಂತೆ. ಯಜಮಾನನಿಗೆ ಮುಚ್ಚಿಬಂದ ಅಂಗಡಿಯ ಚಿಂತೆ. ಆದಕಾರಣ ಮಧ್ಯಾಹ್ನದ ಆಟವೇ ಗತಿ. ರಿಚರ್ಡ್ ಅಟೆನ್‌ಬರೊ ನಿರ್ದೇಶಿಸಿದ ‘ಗಾಂಧಿ’ 1982ರ ನವೆಂಬರ್ ಕೊನೆಯಲ್ಲಿ ದೆಹಲಿಯಲ್ಲಿ ಮೊದಲ ಪ್ರದರ್ಶನ ಕಂಡು, ಅನಂತರ ದೇಶದ ಊರೂರುಗಳ ಚಿತ್ರಮಂದಿರಗಳಿಗೆ ಬಂದಾಗ ಈ ಲೆಕ್ಕಾಚಾರವೂ ಕೆಟ್ಟಿತು. ಚಿತ್ರದ ಅವಧಿ 191 ನಿಮಿಷ. ಎರಡೂವರೆ ಗಂಟೆಯ ಆಟಕ್ಕೆ ಕುಳಿತವರು ವಿರಾಮವನ್ನೂ ಸೇರಿಸಿಕೊಂಡು ಏಳುವ ಹೊತ್ತಿಗೆ ಆರು ಗಂಟೆ. ಚಳಿಗಾಲದ ಸೂರ್ಯ ಅಷ್ಟು ಹೊತ್ತು ಕಾಯುವವನಲ್ಲ. ಆದರೂ ‘ಇದು ಅಹಿಂಸೆಯ ಚಿತ್ರ’ ಎಂಬ ಒಂದೇ ಮಾತಿಗೆ ಎಷ್ಟೋ ಮನೆಗಳಲ್ಲಿ ಅಪ್ಪಣೆ ದೊರೆಯಿತು. ಅದುವರೆಗೆ ಚಿತ್ರಮಂದಿರದ ಮೆಟ್ಟಿಲನ್ನೇ ತುಳಿಯದಿದ್ದ ಹಿರಿಯರು ಸಹ ಮೊಮ್ಮಕ್ಕಳ ಕೈಹಿಡಿದು ನಡೆದದ್ದುಂಟು.

ಇದು ಕೇವಲ ಗತಕಾಲದ ಮಾತಲ್ಲ. 2022ರ ಆಗಸ್ಟ್ ತಿಂಗಳಲ್ಲಿ ತೆಲಂಗಾಣ ಸರ್ಕಾರವು ಸ್ವಾತಂತ್ರ್ಯದ 75ನೆಯ ವರ್ಷದ ಅಂಗವಾಗಿ ಇದೇ ಚಿತ್ರವನ್ನು ಶಾಲಾಮಕ್ಕಳಿಗೆ ಚಿತ್ರಮಂದಿರಗಳಲ್ಲಿ ಉಚಿತವಾಗಿ ತೋರಿಸಿತು. ನಾಲ್ಕು ದಶಕಗಳಾದರೂ ಗಾಂಧೀಜಿಯವರನ್ನು ಎಳೆಯರಿಗೆ ಪರಿಚಯಿಸಲು ದೇಶವು ಈ ಒಂದು ಚಿತ್ರವನ್ನೇ ಆಶ್ರಯಿಸಿದೆ. ಗ್ರಂಥಗಳನ್ನು ಓದದ ಪೀಳಿಗೆಗೆ ತೆರೆಯ ಮೇಲಿನ ಗಾಂಧಿಯೇ ಗಾಂಧಿ. ಅಂತೆಯೇ ಈ ಚಿತ್ರ ಏನನ್ನು ತೋರಿಸುತ್ತದೆ, ಏನನ್ನು ಬಿಡುತ್ತದೆ ಎಂಬುದನ್ನು ತೂಗಿ ನೋಡುವುದು ಅಹಿಂಸೆಯನ್ನು ಕುಲಧರ್ಮವೆಂದು ಹೇಳಿಕೊಳ್ಳುವ ಸಮಾಜಕ್ಕೆ ಅನಾವಶ್ಯಕವಾದ ಕೆಲಸವಲ್ಲ.

ಮೊದಲು ಗುಣಗ್ರಹಣ. ಅಟೆನ್‌ಬರೊ ಸುಮಾರು 20 ವರ್ಷಗಳ ಕಾಲ ಈ ಚಿತ್ರಕ್ಕಾಗಿ ಹಂಬಲಿಸಿದರು. ಭಾರತ ಸರ್ಕಾರವೂ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಮೂಲಕ ಹಣ ತೊಡಗಿಸಿತು. ಶವಯಾತ್ರೆಯ ದೃಶ್ಯಕ್ಕಾಗಿ 1981ರ ಜನವರಿ 31ರಂದು ದೆಹಲಿಯಲ್ಲಿ ಸೇರಿದವರ ಸಂಖ್ಯೆ ಮೂರು ಲಕ್ಷಕ್ಕೂ ಮಿಗಿಲು. ಎಂಟು ಆಸ್ಕರ್ ಪ್ರಶಸ್ತಿಗಳು ಬಂದವು. ಅವುಗಳಲ್ಲೊಂದು ವಸ್ತ್ರವಿನ್ಯಾಸಕ್ಕಾಗಿ ಕೊಲ್ಹಾಪುರದ ಭಾನು ಅಥೈಯಾ ಅವರಿಗೆ ಸಂದಿತು, ಭಾರತೀಯರೊಬ್ಬರಿಗೆ ಆ ಪ್ರಶಸ್ತಿ ದೊರೆತದ್ದು ಅದೇ ಮೊದಲು. ಬೆನ್ ಕಿಂಗ್‌ಸ್ಲಿ ನಟಿಸುತ್ತಿದ್ದಾರೆಂಬುದೇ ಮರೆತುಹೋಗುವಷ್ಟು ಸಹಜವಾಗಿ ಪಾತ್ರದಲ್ಲಿ ಕರಗಿದ್ದಾರೆ. ಕಸ್ತೂರಬಾ ಪಾತ್ರದ ರೋಹಿಣಿ ಹಟ್ಟಂಗಡಿಯವರು ಅವರಿಗೆ ಸರಿಮಿಗಿಲಾಗಿ ನಿಲ್ಲುತ್ತಾರೆ. ಇವೆಲ್ಲ ವಾದಕ್ಕೆ ಆಸ್ಪದವಿಲ್ಲದ ಸಂಗತಿಗಳು.

ಆದರೆ ಚಿತ್ರದ ನಿಜವಾದ ಹಿರಿಮೆ ಪ್ರಶಸ್ತಿಗಳಲ್ಲಿಲ್ಲ. ಅದು ಪ್ರೇಕ್ಷಕನ ಮನಸ್ಸಿನಲ್ಲಿ ಏನನ್ನು ಎಬ್ಬಿಸುವುದಿಲ್ಲವೋ ಅದರಲ್ಲಿದೆ. ಹಿಂಸೆಗೆ ಮೂರು ಬಾಗಿಲುಗಳೆಂದು ಆಚಾರ್ಯರು ಹೇಳಿದ್ದಾರೆ: ಕೃತ, ಕಾರಿತ, ಅನುಮೋದಿತ. ತಾನು ಮಾಡುವುದು, ಅನ್ಯರಿಂದ ಮಾಡಿಸುವುದು, ಮಾಡಿದ್ದನ್ನು ಕಂಡು ಮೆಚ್ಚುವುದು. ಮೊದಲೆರಡು ಬಾಗಿಲುಗಳನ್ನು ಮುಚ್ಚಿಟ್ಟ ಗೃಹಸ್ಥನು ಚಿತ್ರಮಂದಿರದ ಕತ್ತಲೆಯಲ್ಲಿ ಮೂರನೆಯದನ್ನು ಅಗಲವಾಗಿ ತೆರೆದಿಟ್ಟು ಕೂರುತ್ತಾನೆ. ‘ಇಮ್ಮಡಿ ಪುಲಿಕೇಶಿ’ (1967), ‘ಶ್ರೀ ಕೃಷ್ಣದೇವರಾಯ’ (1970), ‘ಮಯೂರ’ (1975) ಮೊದಲಾದ ಕನ್ನಡದ ಐತಿಹಾಸಿಕ ಚಿತ್ರಗಳು ನಾಡಿನ ಅಭಿಮಾನವನ್ನು ಬೆಳೆಸಿದವು, ಡಾ. ರಾಜ್‌ಕುಮಾರ್ ಅವರ ನಿಲುವು, ಮಾತು ಮನೆಮನೆಯಲ್ಲಿ ನೆಲೆಸಿದವು. ಇದನ್ನು ಅಲ್ಲಗಳೆಯುವವರಿಲ್ಲ. ಆದರೆ ಶತ್ರುವಿನ ತಲೆ ಉರುಳುವ ಸನ್ನಿವೇಶಗಳಲ್ಲಿ ಶಿಳ್ಳೆ ಹಾಕುವ ಮಗು ತನ್ನ ಮಟ್ಟಿಗೆ ಒಂದು ಅನುಮೋದನೆಯನ್ನು ಕಟ್ಟಿಕೊಂಡೇ ಮನೆಗೆ ಮರಳುತ್ತದೆ. ಈ ಆಕ್ಷೇಪವನ್ನು ಎತ್ತುವಾಗ ಜೈನರು ತುಸು ತಗ್ಗಿ ಮಾತನಾಡುವುದು ಲೇಸು. ಪುಲಿಕೇಶಿಯ ವಿಜಯಗಳನ್ನು ಐಹೊಳೆಯ ಮೇಗುಟಿಯ ಜಿನಾಲಯದ ಗೋಡೆಯ ಮೇಲೆ 634ರಲ್ಲಿ ಬಣ್ಣಿಸಿ ಕೆತ್ತಿಸಿದವನು ರವಿಕೀರ್ತಿ, ಜಿನಭಕ್ತನಾದ ಕವಿ. ಪಂಪ, ರನ್ನರೂ ರಣರಂಗವನ್ನು ವರ್ಣಿಸಲು ಹಿಂಜರಿದವರಲ್ಲ.

‘ಗಾಂಧಿ’ಯಲ್ಲಿಯೂ ರಕ್ತಪಾತ ಕಡಿಮೆಯೇನಿಲ್ಲ. 1919ರ ಜಲಿಯನ್‌ವಾಲಾ ಬಾಗ್, 1922ರ ಚೌರಿಚೌರಾ, 1930ರ ಧರಾಸನ, 1947ರ ಕಲ್ಕತ್ತೆ, ಇವೆಲ್ಲ ತೆರೆಯ ಮೇಲೆ ಬರುತ್ತವೆ. ಅಮೃತಸರದ ದೃಶ್ಯವನ್ನು ಎಳೆಯ ಮಕ್ಕಳಿಗೆ ತೋರಿಸಬಹುದೇ ಎಂಬ ಅನುಮಾನ ನ್ಯಾಯವಾದದ್ದೇ. ಆದರೆ ಎಲ್ಲಿಯೂ ಒಬ್ಬ ಪ್ರೇಕ್ಷಕನೂ ಶಿಳ್ಳೆ ಹಾಕಲಾರ. ಧರಾಸನದ ಉಪ್ಪಿನ ಕೋಠಿಯ ಎದುರು ಸಾಲುಸಾಲಾಗಿ ಜನ ಮುಂದೆ ನಡೆಯುತ್ತಾರೆ. ಲಾಠಿಯ ಏಟು ಬೀಳುತ್ತದೆ. ಯಾರೂ ಕೈ ಎತ್ತಿ ತಡೆಯುವುದಿಲ್ಲ. ಬಿದ್ದವರನ್ನು ಹೆಂಗಸರು ಎಳೆದೊಯ್ಯುತ್ತಾರೆ. ಮುಂದಿನ ಸಾಲು ಅಷ್ಟೇ ಶಾಂತವಾಗಿ ಹೆಜ್ಜೆ ಇಡುತ್ತದೆ. ಇಪ್ಪತ್ತೆರಡು ಪರೀಷಹಗಳಲ್ಲಿ ಆಕ್ರೋಶ ಮತ್ತು ವಧ ಎಂಬೆರಡನ್ನು ಶಾಸ್ತ್ರದಲ್ಲಿ ಓದಿ, ಪ್ರವಚನದಲ್ಲಿ ಕೇಳಿ ಬಲ್ಲವರು ಬಹುಮಂದಿ. ಅವು ಮುನಿಗಳಿಗೆ ಹೇಳಿದವುಗಳೆಂದು ಬದಿಗಿಟ್ಟವರೂ ಬಹುಮಂದಿ. ಧೋತ್ರ ಉಟ್ಟ ಸಾಧಾರಣ ಗೃಹಸ್ಥರು, ರೈತರು, ವಿದ್ಯಾರ್ಥಿಗಳು ಅವನ್ನು ಸಹಿಸಿದುದನ್ನು ಅಟೆನ್‌ಬರೊ ಹಿನ್ನೆಲೆಯ ಅಬ್ಬರವಿಲ್ಲದೆ ತೋರಿಸಿದ್ದಾರೆ. ಆ ಕೆಲವು ನಿಮಿಷಗಳಿಗಾಗಿಯಾದರೂ ಈ ಚಿತ್ರವನ್ನು ನೋಡಬೇಕು.

ಇನ್ನು ಕೊರತೆಯ ವಿಚಾರ. ಚಿತ್ರದ ಆರಂಭದಲ್ಲಿಯೇ ಒಂದು ತಪ್ಪೊಪ್ಪಿಗೆ ಇದೆ; ಒಬ್ಬ ಮನುಷ್ಯನ ಇಡೀ ಬಾಳು ಒಂದು ಕಥನದಲ್ಲಿ ಹಿಡಿಯದು, ಪ್ರತಿಯೊಂದು ವರ್ಷಕ್ಕೂ ತಕ್ಕ ತೂಕ ಕೊಡಲಾಗದು ಎಂದು. ಇದು ಪ್ರಾಮಾಣಿಕವಾದ ಮಾತು. ಆದುದರಿಂದ ಅದು ಬಿಟ್ಟಿತು, ಇದು ಬಿಟ್ಟಿತು ಎಂದು ಪಟ್ಟಿ ಮಾಡುತ್ತಾ ಹೋಗುವುದು ವಿಮರ್ಶೆಯಾಗದು. ಗಾಂಧೀಜಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ 1924ರ ಬೆಳಗಾವಿಯದು. ಅದು ಚಿತ್ರದಲ್ಲಿ ಇಲ್ಲವೆಂಬುದು ಕನ್ನಡಿಗರ ಸಹಜವಾದ ಅಸಮಾಧಾನ. ಅಂಬೇಡ್ಕರರು ಇಲ್ಲವೆಂಬುದು ಅದಕ್ಕಿಂತ ಬಹಳ ಗುರುತರವಾದ ಆಕ್ಷೇಪ, ಅದನ್ನು ಅನೇಕರು ಎತ್ತಿದ್ದಾರೆ. ಆದರೆ ಬಿಟ್ಟುಹೋದ ಒಂದು ಸಂಗತಿಯಿಂದ ಚಿತ್ರದ ಅರ್ಥವೇ ವಾಲುವುದಾದರೆ, ಅದು ಬೇರೆ ಬಗೆಯ ಕೊರತೆ.

ಹತ್ಯೆ ಮತ್ತು ಶವಯಾತ್ರೆಯಿಂದ ಮೊದಲಾಗುವ ಚಿತ್ರ ಒಮ್ಮೆಲೇ ಹಿಂದಕ್ಕೆ ಸರಿದು 1893ರ ದಕ್ಷಿಣ ಆಫ್ರಿಕಕ್ಕೆ ಬರುತ್ತದೆ. ಮೊದಲ ದರ್ಜೆಯ ಚೀಟಿ ಹಿಡಿದ ತರುಣ ನ್ಯಾಯವಾದಿಯನ್ನು ಬಣ್ಣದ ಕಾರಣದಿಂದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ರೈಲಿನಿಂದ ಹೊರಕ್ಕೆ ನೂಕುತ್ತಾರೆ. ಅಲ್ಲಿಂದ ಗಾಂಧಿಯ ಕಥೆ ಪ್ರಾರಂಭ. ನಾಟಕದ ದೃಷ್ಟಿಯಿಂದ ಇದು ಜಾಣತನದ ಆಯ್ಕೆ, ಸಂದೇಹವಿಲ್ಲ. ಆದರೆ ಪರಿಣಾಮವೇನು? ಅಹಿಂಸೆಯು ಅಪಮಾನದಿಂದ ಹುಟ್ಟಿತೆಂದು ಚಿತ್ರ ಹೇಳಿದಂತಾಗುತ್ತದೆ. ಎದುರಾಳಿ ಮೊದಲು ಬಂದ, ಅವನನ್ನು ಎದುರಿಸುವ ಉಪಾಯವಾಗಿ ಅಹಿಂಸೆ ಆಮೇಲೆ ಬಂತು. ದಕ್ಷಿಣ ಆಫ್ರಿಕದ ಬೀದಿಯಲ್ಲಿ ಪುಂಡ ಹುಡುಗರು ಅಡ್ಡ ನಿಂತಾಗ ಗಾಂಧಿ ಚಾರ್ಲ್ಸ್ ಆಂಡ್ರೂಸರಿಗೆ ಕ್ರಿಸ್ತನ ಇನ್ನೊಂದು ಕೆನ್ನೆಯ ಉಪದೇಶವನ್ನು ನೆನಪಿಸುತ್ತಾರೆ. ಬೇರೊಂದೆಡೆ ತಮ್ಮ ಮನೆತನದ ಪ್ರಣಾಮಿ ಸಂಪ್ರದಾಯವನ್ನೂ ಅಲ್ಲಿ ಗೀತೆ, ಕುರಾನ್‌ಗಳನ್ನು ಒಟ್ಟಿಗೆ ಓದುತ್ತಿದ್ದುದನ್ನೂ ಸ್ಮರಿಸುತ್ತಾರೆ. ಇನ್ನೊಂದು ಸಂದರ್ಭದಲ್ಲಿ ತಾನು ಹಿಂದೂ, ಮುಸಲ್ಮಾನ, ಕ್ರೈಸ್ತ, ಯೆಹೂದಿ ಎಲ್ಲವೂ ಹೌದೆನ್ನುತ್ತಾರೆ. ಮೂರು ಗಂಟೆಯ ಚಿತ್ರದಲ್ಲಿ ಇಷ್ಟು ಬೇರುಗಳನ್ನು ತೋರಿಸಲು ಅವಕಾಶವಿತ್ತು. ಆದರೆ ಗಾಂಧೀಜಿಯೇ ತಮ್ಮ ಆತ್ಮಕಥೆಯಲ್ಲಿ ಒಂದು ಅಧ್ಯಾಯವನ್ನು ಮೀಸಲಿಟ್ಟ ಆ ಒಬ್ಬ ವ್ಯಕ್ತಿಗೆ ಅವಕಾಶವಿರಲಿಲ್ಲ.

ರೈಲಿನ ಆ ಚಳಿಯ ರಾತ್ರಿಗೆ ಐದು ವರ್ಷಗಳ ಮೊದಲೇ, 1888ರಲ್ಲಿ, ಮೋಹನದಾಸರು ವ್ರತಸ್ಥರಾಗಿದ್ದರು. ಮಗನನ್ನು ಇಂಗ್ಲೆಂಡಿಗೆ ಕಳುಹಿಸಲು ತಾಯಿ ಪುತಲೀಬಾಯಿಯವರು ಹಿಂಜರಿದಾಗ, ಮೋಢ ಬನಿಯಾ ಕುಲದಲ್ಲಿ ಹುಟ್ಟಿ ಜೈನ ಸಾಧುವಾಗಿದ್ದ ಬೇಚರ್‌ಜಿ ಸ್ವಾಮಿಯವರು ಮದ್ಯ, ಮಾಂಸ, ಸ್ತ್ರೀಸಂಗ ಈ ಮೂರರ ತ್ಯಾಗದ ಪ್ರತಿಜ್ಞೆಯನ್ನು ಮಾಡಿಸಿದರು. ಆ ಮೇಲೆಯೇ ತಾಯಿಯ ಒಪ್ಪಿಗೆ. ಗಾಂಧಿಯವರ ತಂದೆಯ ಮನೆಗೆ ಜೈನ ಸಾಧುಗಳು ಬಂದು ಹೋಗುತ್ತಿದ್ದರು. ಜೈನರಲ್ಲದ ಆ ಮನೆಯಲ್ಲಿ ಆಹಾರವನ್ನೂ ಸ್ವೀಕರಿಸುತ್ತಿದ್ದರು. ಚಾತುರ್ಮಾಸದಲ್ಲಿ ಸೂರ್ಯನನ್ನು ಕಾಣದೆ ಉಣ್ಣೆನೆಂದು ವ್ರತ ಹಿಡಿದ ತಾಯಿ, ಮೋಡ ಕವಿದ ದಿನ ಅಂಗಳಕ್ಕೆ ಓಡಿಬಂದು ಆಕಾಶ ನೋಡಿ ಉಪವಾಸವೇ ಉಳಿಯುತ್ತಿದ್ದ ಚಿತ್ರವನ್ನು ಆತ್ಮಕಥೆ ಓದಿದವರು ಮರೆಯಲಾರರು. ಇವೆಲ್ಲ ಅಪಮಾನಕ್ಕೆ ಮೊದಲಿನವು. ಎದುರಾಳಿಯೇ ಇಲ್ಲದಾಗ, ತನ್ನ ನಾಲಗೆಯ ಮೇಲೆ, ತನ್ನ ಹಸಿವಿನ ಮೇಲೆ ಹೂಡಿದ ಕದನಗಳು.

1891ರ ಜುಲೈನಲ್ಲಿ ಇಂಗ್ಲೆಂಡಿನಿಂದ ಮುಂಬಯಿಗೆ ಬಂದಿಳಿದಾಗಲೇ ಡಾ. ಪ್ರಾಣಜೀವನ ಮೆಹತಾ ಅವರ ಮನೆಯಲ್ಲಿ ಗಾಂಧಿಯವರಿಗೆ ಶ್ರೀಮದ್ ರಾಜಚಂದ್ರರ ಪರಿಚಯವಾಯಿತು. ಕಾಠಿಯಾವಾಡದ ವವಾಣಿಯಾದಲ್ಲಿ 1867ರಲ್ಲಿ ಜನಿಸಿದ ಅವರು ಗಾಂಧಿಗಿಂತ ಎರಡು ವರ್ಷವಷ್ಟೇ ಹಿರಿಯರು. ಶತಾವಧಾನಿಗಳೆಂದು ಹೆಸರಾದವರು. ಬ್ಯಾರಿಸ್ಟರಾಗಿ ಮರಳಿದ ತರುಣ ತನಗೆ ಗೊತ್ತಿದ್ದ ಪರದೇಶದ ಭಾಷೆಗಳ ಪದಗಳನ್ನೆಲ್ಲ ಒಂದೇ ಸಮನೆ ಹೇಳಿ ಅವರನ್ನು ಪರೀಕ್ಷಿಸಿದ. ಅವರು ಅದೇ ಕ್ರಮದಲ್ಲಿ ಮರಳಿ ಒಪ್ಪಿಸಿದರು. ಆದರೆ ಗಾಂಧಿ ಮಾರುಹೋದದ್ದು ಆ ಅವಧಾನಕ್ಕಲ್ಲ. ರಾಜಚಂದ್ರರು ಮುಂಬಯಿಯಲ್ಲಿ ಮುತ್ತು ವಜ್ರಗಳ ವ್ಯಾಪಾರಿ. ಲಕ್ಷಾಂತರ ರೂಪಾಯಿಗಳ ವ್ಯವಹಾರ ಅವರ ಕೈಮೇಲೆ ನಡೆಯುತ್ತಿತ್ತು. ಗಿರಾಕಿಯ ಮಾತು ಮುಗಿದು ಅವನು ಎದ್ದು ಹೋದೊಡನೆ ಪಕ್ಕದಲ್ಲಿದ್ದ ಧರ್ಮಗ್ರಂಥವೋ ದಿನಚರಿಯ ಪುಸ್ತಕವೋ ತೆರೆದುಕೊಳ್ಳುತ್ತಿತ್ತು. ಗಾಂಧಿ ಮತ್ತೆ ಮತ್ತೆ ಕಂಡು ಬೆರಗಾದದ್ದು ಈ ನೋಟಕ್ಕೆ.

ಅವರ ಬಗ್ಗೆ ಗುಜರಾತಿ ಜೈನರಲ್ಲಿ ಒಂದು ವೃತ್ತಾಂತ ಪ್ರಚಲಿತವಿದೆ. ಒಬ್ಬ ವ್ಯಾಪಾರಿ ಇಂತಿಷ್ಟು ದರಕ್ಕೆ ರತ್ನಗಳನ್ನು ಕೊಡುವೆನೆಂದು ಕರಾರು ಬರೆದುಕೊಟ್ಟಿದ್ದ. ಅಷ್ಟರಲ್ಲಿ ಪೇಟೆಯ ದರ ವಿಪರೀತ ಏರಿತು. ಕರಾರು ನಡೆಸಿದರೆ ಆತ ಮನೆಮಠ ಮಾರಬೇಕು. ರಾಜಚಂದ್ರರು ತಾವಾಗಿಯೇ ಅವನಲ್ಲಿಗೆ ಹೋಗಿ ಆ ಪತ್ರವನ್ನು ಹರಿದು ಹಾಕಿದರು. ತಾವು ಹಾಲು ಕುಡಿಯಬಲ್ಲವರೇ ಹೊರತು ರಕ್ತವನ್ನಲ್ಲವೆಂದರು. ವ್ಯಾಪಾರ ಬಲ್ಲವರಿಗೆ ಇದರ ತೂಕ ತಿಳಿಯುತ್ತದೆ. ಕರಾರು ನ್ಯಾಯಬದ್ಧ, ಲಾಭ ನ್ಯಾಯಬದ್ಧ, ಯಾವ ನ್ಯಾಯಾಲಯವೂ ತಪ್ಪೆನ್ನದು. ಆದರೂ ಅದರಲ್ಲಿ ಹಿಂಸೆ ಇದೆಯೆಂದು ಕಾಣಬಲ್ಲ ಕಣ್ಣು ಬೇರೆ. ಉದ್ಯೋಗೀ ಹಿಂಸೆ ಗೃಹಸ್ಥನಿಗೆ ಅನಿವಾರ್ಯವೆಂದು ಹೇಳಿ ತಕ್ಕಡಿಯ ಮುಂದೆ ನಿಶ್ಚಿಂತರಾಗಿ ಕೂರುವವರು ಕೇಳಬೇಕಾದ ಕಥೆ ಇದು.

ಇದು ತೆರೆಗೆ ಒಗ್ಗದ ವಸ್ತುವೇ? ಒಂದು ಅಂಗಡಿ, ಗಾದಿಯ ಮೇಲೆ ಹರಡಿದ ಮುತ್ತುಗಳು, ಹರಿದ ಕಾಗದ, ಬಾಗಿಲಲ್ಲಿ ನಿಂತು ನೋಡುವ ಕೋಟುಧಾರಿ ತರುಣ. ಐದು ನಿಮಿಷದ ದೃಶ್ಯ. ತನ್ನ ಮೇಲೆ ಆಳವಾದ ಮುದ್ರೆಯೊತ್ತಿದ ಆಧುನಿಕರು ಮೂವರೆಂದು ಗಾಂಧೀಜಿ ಬರೆದಿದ್ದಾರೆ: ಟಾಲ್‌ಸ್ಟಾಯ್, ರಸ್ಕಿನ್ ತಮ್ಮ ಪುಸ್ತಕಗಳ ಮೂಲಕ, ರಾಯಚಂದಭಾಯಿ ಜೀವಂತ ಸಂಪರ್ಕದ ಮೂಲಕ. ಆ ಜೀವಂತ ಸಂಪರ್ಕವಿಲ್ಲದೆ ಚಿತ್ರದ ಗಾಂಧಿ ರೈಲು ನಿಲ್ದಾಣದ ಕಲ್ಲುಹಾಸಿನ ಮೇಲೆ ಸ್ವಯಂಭೂವಾಗಿ ಎದ್ದು ನಿಲ್ಲುತ್ತಾನೆ. ಚಿತ್ರಮಂದಿರದಿಂದ ಹೊರಬಂದ ಹುಡುಗನಿಗೆ ಗಾಂಧಿ ಬ್ರಿಟಿಷರನ್ನು ಹೇಗೆ ಗೆದ್ದರೆಂಬುದು ತಿಳಿದಿರುತ್ತದೆ. ಅದಕ್ಕೆ ಮೊದಲು ಯಾರನ್ನು ಗೆದ್ದಿದ್ದರೆಂಬುದು ತಿಳಿದಿರುವುದಿಲ್ಲ. ಅವನ ಪಾಲಿಗೆ ಅಹಿಂಸೆಯು ಒಂದು ಆಯುಧ. ಎದುರಾಳಿ ಆಂಗ್ಲನಂಥ ಸಭ್ಯನಾಗಿದ್ದರೆ ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಪದವಿ ಪಡೆದವರೂ ಇಂದು ವಾದಿಸುವುದು ಈ ತಿಳಿವಳಿಕೆಯಿಂದಲೇ. ವ್ರತಕ್ಕೆ ಎದುರಾಳಿಯ ಸ್ವಭಾವ ಲೆಕ್ಕಕ್ಕಿಲ್ಲ. ಪ್ರಮಾದದಿಂದ ಕೂಡಿದ ಯೋಗವೇ ಹಿಂಸೆಯ ಮೂಲವೆಂದು ತತ್ತ್ವಾರ್ಥಸೂತ್ರ ಹೇಳುವಾಗ, ಹೊಡೆತ ತಿಂದವನ ಲೆಕ್ಕಕ್ಕೆ ಮುನ್ನ ಹೊಡೆಯಲೆತ್ತಿದ ಮನಸ್ಸಿನ ಲೆಕ್ಕವನ್ನು ಕೇಳುತ್ತದೆ.

ಚಿತ್ರಕ್ಕೆ ಈ ಒಳಗಿನ ಲೆಕ್ಕ ಸಂಪೂರ್ಣ ಅಪರಿಚಿತವೆಂದರೆ ಅನ್ಯಾಯವಾದೀತು. ಎರಡು ಕಡೆ ಅದು ಮಿಂಚಿನಂತೆ ಹೊಳೆಯುತ್ತದೆ. ಮೊದಲನೆಯದು ದಕ್ಷಿಣ ಆಫ್ರಿಕದ ಆಶ್ರಮದಲ್ಲಿ. ಕಕ್ಕಸು ಶುಚಿ ಮಾಡುವ ಸರದಿಯನ್ನು ಕಸ್ತೂರಬಾ ಒಲ್ಲೆನೆನ್ನುತ್ತಾರೆ. ಗಾಂಧಿ ಸಿಟ್ಟಿನಿಂದ ಆಕೆಯ ರಟ್ಟೆ ಹಿಡಿದು ಬಾಗಿಲ ಕಡೆಗೆ ಎಳೆಯುತ್ತಾರೆ. ನಾಚಿಕೆಯಾಗುವುದಿಲ್ಲವೇ ಎಂದು ಆಕೆ ಅಳುತ್ತಾ ಕೇಳಿದಾಗ ಕೈ ಸಡಿಲವಾಗುತ್ತದೆ. ತನಗೇನಾಯಿತೆಂದು ಅವರು ಕುಸಿಯುತ್ತಾರೆ. ನಡೆದದ್ದು ಡರ್ಬನ್ನಿನ ಮನೆಯಲ್ಲಿ, 1898ರ ಸುಮಾರಿಗೆ. ವಿವಾದ ಒಬ್ಬ ಗುಮಾಸ್ತೆಯ ಮೂತ್ರಪಾತ್ರೆಯದು. ಚಿತ್ರ ಸ್ಥಳವನ್ನೂ ವಿವರವನ್ನೂ ಬದಲಿಸಿದೆ, ಸತ್ಯವನ್ನು ಬದಲಿಸಿಲ್ಲ. ಜಗತ್ತಿಗೆ ಅಹಿಂಸೆ ಹೇಳಹೊರಟವನ ಕೈ ಹೆಂಡತಿಯ ರಟ್ಟೆಯ ಮೇಲಿತ್ತು. ಕುಟುಂಬದೊಡನೆ ಕುಳಿತು ನೋಡುವ ಗಂಡಸರು ಈ ದೃಶ್ಯದಲ್ಲಿ ಪಕ್ಕಕ್ಕೆ ತಿರುಗಿ ನೋಡುವುದಿಲ್ಲ. ಕ್ರೋಧ ಕಷಾಯದ ಮೇಲೆ ಎಷ್ಟು ಪ್ರವಚನ ಕೇಳಿದ್ದರೂ ಇಷ್ಟು ಹತ್ತಿರದಿಂದ ಅದನ್ನು ಯಾರೂ ತೋರಿಸಿರುವುದಿಲ್ಲ.

ಎರಡನೆಯದು ಕಲ್ಕತ್ತೆಯಲ್ಲಿ. ಉಪವಾಸದಿಂದ ಬಡಕಲಾದ ಗಾಂಧಿಯ ಮೈಮೇಲೆ ಒಬ್ಬ ಹಿಂದೂ ರೊಟ್ಟಿಯನ್ನು ಎಸೆಯುತ್ತಾನೆ. ಓಂ ಪುರಿಯವರ ಅಭಿನಯ. ತನ್ನ ಮಗನನ್ನು ಮುಸಲ್ಮಾನರು ಕೊಂದರು, ಪ್ರತಿಯಾಗಿ ತಾನು ಒಂದು ಮಗುವನ್ನು ಕೊಂದೆ, ತನಗೆ ನರಕ ಖಂಡಿತ ಎನ್ನುತ್ತಾನೆ. ಗಾಂಧಿ ಅವನಿಗೆ ಕ್ಷಮೆಯನ್ನೂ ಕೊಡುವುದಿಲ್ಲ, ಶಾಪವನ್ನೂ ಕೊಡುವುದಿಲ್ಲ. ತಂದೆತಾಯಿಯನ್ನು ಕಳೆದುಕೊಂಡ ಮುಸಲ್ಮಾನ ಮಗುವನ್ನು ತಂದು ಸಾಕು, ಆದರೆ ಮುಸಲ್ಮಾನನಾಗಿಯೇ ಬೆಳೆಸು ಎನ್ನುತ್ತಾರೆ. ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತ ಎಂಬ ಮೆಟ್ಟಿಲುಗಳನ್ನು ಬಲ್ಲವರಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕೊನೆಯ ಷರತ್ತೇ ಪ್ರಾಯಶ್ಚಿತ್ತದ ಭಾರ. ಅದಿಲ್ಲದಿದ್ದರೆ ಅದು ಬರಿಯ ದತ್ತು.

ರಾಜಚಂದ್ರರನ್ನು ಬಿಟ್ಟರೆಂದು ಜೈನ ಸಮಾಜದಲ್ಲಿ ಆಗಾಗ ಕೇಳಿಬರುವ ಕೊರಗು ಹೀಗೆ ಸಕಾರಣವಾದುದೇ. ಆದರೆ ಆ ಕೊರಗು ಅರ್ಧಕ್ಕೇ ನಿಲ್ಲುವುದುಂಟು. ಗಾಂಧಿಯ ಅಹಿಂಸೆ ಜೈನರಿಂದ ಪಡೆದ ಸಾಲ, ಚಿತ್ರ ಆ ಸಾಲವನ್ನು ಜಮೆ ಮಾಡಿಲ್ಲ ಎಂದಷ್ಟೇ ಹೇಳಿ ಖಾತೆ ಮುಚ್ಚುವವರು ಎದುರಿನ ಪುಟವನ್ನೂ ನೋಡಬೇಕು.

ಸಬರಮತಿಗೆ ಮೊದಲಿನ ಕೊಚರಬ್ ಆಶ್ರಮಕ್ಕೆ 1915ರಲ್ಲಿ ಅಸ್ಪೃಶ್ಯರೆನಿಸಿಕೊಂಡ ದೂದಾಭಾಯಿಯ ಕುಟುಂಬ ಸೇರಿದಾಗ ದಾನಿಗಳ ಹಣ ನಿಂತಿತು. ಆಗ ಒಬ್ಬ ಶೇಠರು ಮೋಟಾರಿನಲ್ಲಿ ಬಂದು, ಹೆಸರನ್ನೂ ಬಯಸದೆ, 13,000 ರೂಪಾಯಿ ಕೊಟ್ಟು ಹೋದರು. ಅವರು ಅಹಮದಾಬಾದಿನ ಗಿರಣಿಯ ಒಡೆಯ, ಜೈನರಾದ ಅಂಬಾಲಾಲ ಸಾರಾಭಾಯಿ ಎಂದು ಆಮೇಲೆ ತಿಳಿಯಿತು. ಮೂರು ವರ್ಷ ಕಳೆದು 1918ರಲ್ಲಿ ಗಿರಣಿ ಕಾರ್ಮಿಕರು ಕೂಲಿಯ ಏರಿಕೆಗಾಗಿ ಮುಷ್ಕರ ಹೂಡಿದಾಗ ಅದೇ ಅಂಬಾಲಾಲರು ಮಾಲೀಕರ ಮುಂದಾಳು. ಅವರ ಸೋದರಿ ಅನಸೂಯಾಬೆನ್ ಕಾರ್ಮಿಕರ ಪಕ್ಷ. ಗಾಂಧಿ ಉಪವಾಸ ಕುಳಿತದ್ದು ತನ್ನ ಆಶ್ರಮವನ್ನು ಉಳಿಸಿದ ದಾನಿಯ ಎದುರು. ಚಂಪಾರಣ್ಯವನ್ನು ವಿಸ್ತಾರವಾಗಿ ತೋರಿಸುವ ಚಿತ್ರ ಈ ಅಕ್ಕತಮ್ಮಂದಿರನ್ನು ಬಿಟ್ಟಿದೆ. ಚಂಪಾರಣ್ಯದಲ್ಲಿ ಶೋಷಕರು ನೀಲಿಯ ತೋಟದ ಬಿಳಿಯರು. ಅಹಮದಾಬಾದಿನಲ್ಲಿ ಸ್ವದೇಶದ ಶ್ರಾವಕರು. ಇದನ್ನು ತೆರೆಯ ಮೇಲೆ ನೋಡಲು ಎಷ್ಟು ಜೈನ ಕುಟುಂಬಗಳು ಟಿಕೇಟು ಕೊಳ್ಳುತ್ತಿದ್ದವು ಎಂಬುದು ಬೇರೆ ಪ್ರಶ್ನೆ.

ಮುಂದೆ 1926ರಲ್ಲಿ ಅಂಬಾಲಾಲರ ಗಿರಣಿಯ ಆವರಣದಲ್ಲಿ ಹುಚ್ಚುನಾಯಿಗಳ ಭಯದಿಂದ ಸುಮಾರು 60 ಬೀದಿನಾಯಿಗಳನ್ನು ಕೊಲ್ಲಿಸಲಾಯಿತು. ಅಹಮದಾಬಾದಿನ ಜೀವದಯಾಪರರು ಕುದಿದೆದ್ದರು. ಗಾಂಧಿಯವರನ್ನು ಕೇಳಿದಾಗ, ಬೇರೆ ದಾರಿ ಏನಿತ್ತೆಂದು ಅವರು ಅಂಬಾಲಾಲರ ಪರವಾಗಿ ನಿಂತರು. ‘ಯಂಗ್ ಇಂಡಿಯಾ’ದಲ್ಲಿ ತಿಂಗಳುಗಟ್ಟಲೆ ವಾದ ನಡೆಯಿತು. ನಾಯಿಗಳನ್ನು ಬೀದಿಗೆ ಬಿಟ್ಟು, ರೊಟ್ಟಿಯ ಚೂರು ಎಸೆದು ಪುಣ್ಯ ಕಟ್ಟಿಕೊಳ್ಳುವುದು ದಯೆಯಲ್ಲ, ಸಾಕುವುದಾದರೆ ಮನೆಯಲ್ಲಿಟ್ಟು ಸಾಕಬೇಕು ಎಂಬುದು ಗಾಂಧಿಯ ನಿಲುವು. 1928ರಲ್ಲಿ ಆಶ್ರಮದಲ್ಲಿ ಗುಣವಾಗದ ನೋವಿನಿಂದ ನರಳುತ್ತಿದ್ದ ಕರುವಿಗೆ ವೈದ್ಯರಿಂದ ವಿಷದ ಚುಚ್ಚುಮದ್ದು ಕೊಡಿಸಿದಾಗ ಆಕ್ರೋಶ ಮತ್ತೂ ಹೆಚ್ಚಾಯಿತು. ಗಾಂಧಿಗೆ ಬಂದ ಕಟುವಾದ ಪತ್ರಗಳಲ್ಲಿ ಜೈನರವೂ ಸಾಕಷ್ಟಿದ್ದವು.

ಯಾರು ಸರಿ? ಕರುವಿನ ವಿಷಯದಲ್ಲಿ ಜೈನ ನಿಲುವನ್ನು ಸಡಿಲಿಸಲು ಕಾರಣ ಕಾಣದು. ಅನ್ಯಜೀವದ ನೋವನ್ನು ಕಾಣಲಾರದ ತನ್ನ ನೋವನ್ನು ಕಳೆಯಲು ಪ್ರಾಣ ತೆಗೆಯುವುದು, ಕರುಣೆಯ ವೇಷದಲ್ಲಿ ಬಂದರೂ, ರಾಗದ ಕಾರ್ಯವೇ. ಇನ್ನೊಂದು ಜೀವದ ಆಯುಷ್ಯ ಇಷ್ಟೇ ಎಂದು ತೀರ್ಮಾನಿಸುವ ಅಧಿಕಾರ ಯಾರಿಗೂ ಇಲ್ಲ. ನಾಯಿಗಳ ವಿಷಯದಲ್ಲಿ ಮಾತ್ರ ಗಾಂಧಿ ಎತ್ತಿದ ಪ್ರಶ್ನೆ ಇನ್ನೂ ಉತ್ತರವಿಲ್ಲದೆ ನಿಂತಿದೆ. ಪಿಂಜರಾಪೋಳಕ್ಕೆ ವರ್ಷಕ್ಕೊಮ್ಮೆ ಚೀಟಿ ಹರಿಸಿ, ಅಲ್ಲಿಯ ದನಗಳು ಹೇಗಿವೆಯೆಂದು ಒಮ್ಮೆಯೂ ಹೋಗಿ ನೋಡದ ದಯೆಗೆ ಆ ಮಾತು ಇಂದಿಗೂ ನಾಟಬೇಕು. ದೇವಸ್ಥಾನಗಳ ಆಡಳಿತ ಮಂಡಳಿಗಳು ಪ್ರತಿಷ್ಠೆಯ ಸಂಭ್ರಮದಲ್ಲಿ ಜೀವದಯೆಯ ಬೋಲಿಗಳನ್ನು ಕೂಗಿಸುವಾಗಲೂ ಅದು ನೆನಪಾದರೆ ತಪ್ಪಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಲಾಗದು. ಅಷ್ಟೆಲ್ಲ ಗೌರವಿಸಿದ ರಾಜಚಂದ್ರರನ್ನೂ ಗಾಂಧೀಜಿ ಗುರುವೆಂದು ಸ್ವೀಕರಿಸಲಿಲ್ಲ. ಹೃದಯದ ಗುರುಪೀಠ ಬರಿದಾಗಿಯೇ ಉಳಿದಿದೆ ಎಂದು ಆ ಅಧ್ಯಾಯದಲ್ಲಿಯೇ ಬರೆದಿದ್ದಾರೆ. ಹೀಗಿರುವಾಗ ಗಾಂಧಿಯನ್ನು ಜೈನರ ಶಿಷ್ಯನನ್ನಾಗಿಸಿ ಬೀಗುವುದೂ ಒಂದು ಬಗೆಯ ಅಸತ್ಯವೇ. ಋಣವೂ ನಿಜ, ಜಗಳವೂ ನಿಜ. ಅಟೆನ್‌ಬರೊ ಎರಡನ್ನೂ ಬಿಟ್ಟರು. ಋಣವನ್ನು ಬಿಟ್ಟದ್ದರಿಂದ ಅವರ ಗಾಂಧಿಗೆ ಬೇರು ಇಲ್ಲವಾಯಿತು. ಜಗಳವನ್ನು ಬಿಟ್ಟದ್ದರಿಂದ ಅಹಿಂಸೆ ಎಂಬುದು ಸರಳವಾದ, ಎಲ್ಲರೂ ಒಪ್ಪಿಬಿಡಬಹುದಾದ ಸಂಗತಿಯಂತೆ ತೋರಿತು. ಚಿತ್ರದಲ್ಲಿ ಅಹಿಂಸೆಯ ವಿರೋಧಿಗಳು ಹಿಂಸಾವಾದಿಗಳು ಮಾತ್ರ. ಅಹಿಂಸೆಯನ್ನೇ ನಂಬಿದ ಇಬ್ಬರು, ಒಂದು ಕರುವಿನ ಮುಂದೆ ನಿಂತು, ಬೇರೆ ಬೇರೆ ಉತ್ತರ ಹೇಳುವ ಸಂಕಟ ಅಲ್ಲಿಲ್ಲ.

ದಶಲಕ್ಷಣ ಪರ್ವದ ಸಂದರ್ಭದಲ್ಲಿಯೋ ಅಕ್ಟೋಬರ್ 2ರಂದೋ ಬಸದಿಯ ಸಭಾಭವನದಲ್ಲಿ ಮಕ್ಕಳಿಗೆ ಈ ಚಿತ್ರವನ್ನು ತೋರಿಸಬೇಕೆನ್ನುವ ಆಡಳಿತ ಮಂಡಳಿಗಳು ಧಾರಾಳವಾಗಿ ತೋರಿಸಲಿ. ಬೆಳಿಗ್ಗೆ ಪ್ರಾರಂಭಿಸಿದರೆ ಸೂರ್ಯಾಸ್ತದ ತೊಡಕೂ ಇಲ್ಲ. ಅಮೃತಸರದ ದೃಶ್ಯಕ್ಕೆ ತೀರ ಚಿಕ್ಕವರನ್ನು ಹೊರಗೆ ಕರೆದೊಯ್ಯಬಹುದು. ಆದರೆ ತೆರೆ ಬೆಳಗುವ ಮುನ್ನ ಆತ್ಮಕಥೆಯಿಂದ ರಾಯಚಂದಭಾಯಿಯ ಆ ಅಧ್ಯಾಯವನ್ನು ಯಾರಾದರೂ ಗಟ್ಟಿಯಾಗಿ ಓದಬೇಕು. ಬಹಳ ಚಿಕ್ಕದು, ಆತ್ಮಕಥೆ ಕನ್ನಡದಲ್ಲಿಯೂ ದೊರೆಯುತ್ತದೆ.

ಚಿತ್ರ ಮುಗಿದ ಮೇಲೆ ಮಾತನಾಡಲು ಬೇರೊಂದು ಕಾಗದ ಇದೆ. ದಕ್ಷಿಣ ಆಫ್ರಿಕದಲ್ಲಿ ಕ್ರೈಸ್ತ ಮತ್ತು ಮುಸಲ್ಮಾನ ಮಿತ್ರರ ಒತ್ತಾಯದಿಂದ ಮನಸ್ಸು ತೊಳಲಾಡುತ್ತಿದ್ದಾಗ, 1894ರಲ್ಲಿ ಗಾಂಧಿ ರಾಜಚಂದ್ರರಿಗೆ 27 ಪ್ರಶ್ನೆಗಳನ್ನು ಬರೆದು ಕಳುಹಿಸಿದರು. ಆತ್ಮವೆಂದರೇನು, ಈಶ್ವರನಾರು, ಮೋಕ್ಷವೇನು ಎಂದು ಮೊದಲಾಗುವ ಆ ಪಟ್ಟಿ ಕೊನೆಯಲ್ಲಿ ಒಂದು ಹಾವಿನ ಬಳಿ ಬಂದು ನಿಲ್ಲುತ್ತದೆ: ಹಾವು ಕಚ್ಚಲು ಬಂದರೆ ಕಚ್ಚಿಸಿಕೊಳ್ಳಬೇಕೇ, ಕೊಲ್ಲಬೇಕೇ? ದೇಹ ಅನಿತ್ಯವೆಂದು ನಿಜವಾಗಿ ಅರಿತವನು ಅದನ್ನುಳಿಸಲು ಕೊಲ್ಲಲಾರ, ಆತ್ಮಹಿತವನ್ನು ಬಯಸುವವನು ದೇಹವನ್ನು ಬಿಟ್ಟುಕೊಡುವನು, ಅಂಥ ಬಯಕೆ ಇಲ್ಲದವನಿಗೆ ಕೊಲ್ಲೆಂದು ತಾವು ಹೇಗೆ ಹೇಳಬಲ್ಲೆವು ಎಂಬ ಅರ್ಥದಲ್ಲಿ ರಾಜಚಂದ್ರರು ಉತ್ತರಿಸಿದರು. ಮೂವತ್ತೆರಡು ವರ್ಷಗಳ ಅನಂತರ ಅಹಮದಾಬಾದಿನ ಹುಚ್ಚುನಾಯಿಯಾಗಿ ಅದೇ ಪ್ರಶ್ನೆ ಮರಳಿ ಬಂದಾಗ ಗಾಂಧಿ ಕೊಟ್ಟ ಉತ್ತರ ಬೇರೆ. ಮಕ್ಕಳ ಮುಂದೆ ಹಾವನ್ನೂ ನಾಯಿಯನ್ನೂ ಇಟ್ಟು, ರಾಜಚಂದ್ರರ ಉತ್ತರವನ್ನು ಓದುವುದಕ್ಕೆ ಮೊದಲು ಅವರವರ ಉತ್ತರವನ್ನು ಕೇಳಬಹುದು. ಹಿರಿಯರೂ ಅಲ್ಲಿಯೇ ಕುಳಿತಿರಬೇಕು.